ಎತ್ತರದ ಕಾರು ಜೀಪಲ್ಲ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರದ ಕಡೆಯ ಯಾವುದೇ ಕಲ್ಯಾಣ ಮಂಟಪದ ಮುಂದೆ ಮದುವೆಯ ದಿನ ನಿಂತು ನೋಡಿದರೆ ಒಂದು ಬದಲಾವಣೆ ಎದ್ದು ಕಾಣುತ್ತದೆ. ಹಿಂದೆ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದ ತಗ್ಗಿನ ಸಣ್ಣ ಕಾರುಗಳ ಜಾಗವನ್ನು ಈಗ ನೆಲದಿಂದ ತುಸು ಮೇಲೆದ್ದ, ಅಗಲ ಮೂತಿಯ, ಜೀಪಿನ ಗತ್ತಿನ ಕಾರುಗಳು ಹಿಡಿದಿವೆ. ಪೇಟೆಯ ಷೋರೂಮಿನವರು ಇವನ್ನು ಕಾಂಪ್ಯಾಕ್ಟ್ ಎಸ್‌ಯುವಿ ಎಂದೂ ಕ್ರಾಸ್‌ಓವರ್ ಎಂದೂ ಕರೆಯುತ್ತಾರೆ. ನಮಗೆ 'ಎತ್ತರದ ಕಾರು' ಎಂದರೆ ಸಾಕು.

ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ನೂರಕ್ಕೆ 65ರಷ್ಟು ಈ ಎತ್ತರದ ಕಾರುಗಳೂ ಸೇರಿದ ಯುಟಿಲಿಟಿ ವಾಹನಗಳೇ. 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್. ಸುಮಾರು ನಾಲ್ಕು ದಶಕಗಳಿಂದ ಮಾರುತಿ ಕಾರುಗಳಿಗೇ ಮೀಸಲಾಗಿದ್ದ ಸ್ಥಾನ ಅದು. ನಮ್ಮ ರಾಜ್ಯದ ಬಿಡದಿಯಲ್ಲೂ 2022ರಿಂದ ಟೊಯೊಟಾ ಕಾರ್ಖಾನೆಯವರು ಇದೇ ಬಗೆಯ, ಅಳತೆಯಲ್ಲಿ ತುಸು ದೊಡ್ಡದಾದ ಕಾರುಗಳನ್ನು ತಯಾರಿಸುತ್ತಿದ್ದಾರೆ.

ರೈತರು ಕಾರು ಕೊಳ್ಳುವುದೇ ತಪ್ಪು ಎಂದು ಮೂಗು ಮುರಿಯುವ ಜನರಿದ್ದಾರೆ. ಈ ಲೇಖನ ಅಂಥದ್ದಲ್ಲ. ರಾತ್ರಿ ಹೊತ್ತಿನಲ್ಲಿ ಬಾಣಂತಿಯನ್ನೋ ಹಿರಿಯರನ್ನೋ ತೋಟದ ಮನೆಯಿಂದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ಕಾರು ಷೋಕಿಯಲ್ಲ. ಇಲ್ಲಿ ಹೇಳಬೇಕಾದ ಮಾತು ಬೇರೆ: ಎತ್ತರದ ಕಾರು ನಮ್ಮ ರಸ್ತೆಗೆ ಹೊಂದುವ ವಾಹನ ಹೌದು, ಆದರೆ ಅದು ಜೀಪಲ್ಲ. ಕಾರು ಎಂದು ತಿಳಿದೇ ಕೊಂಡು, ಕಾರಿನಂತೆಯೇ ಓಡಿಸಿ, ಪಂಪ್‌ಸೆಟ್ಟಿನಷ್ಟು ಕಾಳಜಿಯಿಂದ ನೋಡಿಕೊಂಡವರಿಗೆ ಅದು ಆಳಾಗಿ ದುಡಿಯುತ್ತದೆ. ಜೀಪೆಂದು ಭ್ರಮಿಸಿದವರಿಗೆ ಸಾಲಗಾರನಾಗಿ ಕಾಡುತ್ತದೆ.

ಬೇಡಿಕೆ ಏಕೆ ಬಂತು?

ಮೊದಲ ಕಾರಣ ತೆರಿಗೆ. ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲಾದರೆ 1200 ಸಿ.ಸಿ. ಮತ್ತು ಡೀಸೆಲಾದರೆ 1500 ಸಿ.ಸಿ. ಒಳಗಿನ ಎಂಜಿನ್ ಇರುವ ಕಾರನ್ನು ಸರ್ಕಾರ ಸಣ್ಣ ಕಾರು ಎಂದು ಪರಿಗಣಿಸುತ್ತದೆ. ಉದ್ದ ನೋಡಿ ತೆರಿಗೆ ಇಳಿಸುವ ಈ ಪದ್ಧತಿ 2006ರ ಕೇಂದ್ರ ಬಜೆಟ್ಟಿನಿಂದ ಬಂದದ್ದು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇಕಡ 18. ಅದೇ ಮಿತಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇಕಡ 40. ಆದ್ದರಿಂದಲೇ ಕಂಪನಿಗಳು ದೊಡ್ಡ ಗಾಡಿಯ ರೂಪವನ್ನು ನಾಲ್ಕು ಮೀಟರಿನೊಳಗೆ ಮಡಿಚಿ ಇಡಲು ಪೈಪೋಟಿ ನಡೆಸಿವೆ. 2013ರ ಫೋರ್ಡ್ ಇಕೋಸ್ಪೋರ್ಟ್, 2016ರ ವಿಟಾರ ಬ್ರೆಝಾ, 2017ರ ನೆಕ್ಸಾನ್, 2019ರ ವೆನ್ಯೂ, 2020ರ ಸೋನೆಟ್ ಮತ್ತು ಮ್ಯಾಗ್ನೈಟ್, 2021ರ ಪಂಚ್ ಇವೆಲ್ಲ ಈ ದಾರಿಯಲ್ಲಿ ಬಂದವು. ಇವುಗಳಲ್ಲಿ ಇಕೋಸ್ಪೋರ್ಟ್ ಈಗ ತಯಾರಾಗುತ್ತಿಲ್ಲ.

ಎರಡನೆಯ ಕಾರಣ ನಮ್ಮ ರಸ್ತೆ. ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದರೆ ಮಳೆಗೆ ಕೊಚ್ಚಿದ ಮಣ್ಣು ರಸ್ತೆ, ಟ್ರ್ಯಾಕ್ಟರಿನ ಚಕ್ರ ಕೊರೆದ ಹಳ್ಳ, ನಡುವೆ ಎದ್ದು ನಿಂತ ದಿಣ್ಣೆ. ಭದ್ರಾ ಅಚ್ಚುಕಟ್ಟಿನ ಚಾನಲ್ ಏರಿಯಾಗಲಿ, ಹೊಸನಗರದ ಕಾಡುದಾರಿಯಾಗಲಿ ತಗ್ಗಿನ ಕಾರಿನ ಹೊಟ್ಟೆ ಉಜ್ಜದೆ ಬಿಡುವುದಿಲ್ಲ. ಸಾಮಾನ್ಯ ಸಣ್ಣ ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 160ರಿಂದ 170 ಮಿಲಿಮೀಟರ್. ಎತ್ತರದ ಕಾರುಗಳಲ್ಲಿ ಇದು ಸುಮಾರು 185ರಿಂದ 210. ಎಂದರೆ ಎರಡು ಬೆರಳಿನ ಅಗಲದಷ್ಟು ಹೆಚ್ಚು. ಕಾಗದದ ಮೇಲೆ ಅಲ್ಪವೆನಿಸಿದರೂ ಕಲ್ಲಿನ ಮೇಲೆ ಅದು ದೊಡ್ಡ ಉಪಕಾರ. ಆದರೆ ಬಹುಪಾಲು ಕಂಪನಿಗಳು ಹೇಳುವ ಈ ಅಳತೆ ಖಾಲಿ ಗಾಡಿಯದು. ಐದು ಜನ ಕೂತು ಡಿಕ್ಕಿ ತುಂಬಿದರೆ ಆ ಎರಡು ಬೆರಳಿನಲ್ಲಿ ಒಂದು ಬೆರಳು ಹೋಯಿತೆಂದೇ ತಿಳಿಯಬೇಕು.

ಮೂರನೆಯದು ಕೂರುವ ಅನುಕೂಲ. ಮಂಡಿ ನೋವಿನ ಹಿರಿಯರಿಗೆ ತಗ್ಗಿನ ಸೀಟಿಗೆ ಕುಸಿದು ಕೂತು ಏಳುವುದು ಕಷ್ಟ. ಎತ್ತರದ ಕಾರಿನಲ್ಲಿ ಕುರ್ಚಿಯ ಮೇಲೆ ಕೂತಂತೆ ಕೂರಬಹುದು. ನಡೆಸುವವರಿಗೂ ರಸ್ತೆ ಚೆನ್ನಾಗಿ ಕಾಣುತ್ತದೆ. ನಾಲ್ಕನೆಯದನ್ನು ಮುಚ್ಚಿಡುವುದೇಕೆ? ಅಂಗಳದಲ್ಲಿ ನಿಂತರೆ ನಾಲ್ಕು ಜನ ನೋಡುತ್ತಾರೆ ಎಂಬ ಆಸೆ. ಅದೂ ಮನುಷ್ಯ ಸಹಜವೇ, ಆದರೆ ಆ ಆಸೆಗೆ ಎಷ್ಟು ಹಣ ಕೊಡಬೇಕೆಂಬುದನ್ನು ಮನೆಯವರು ಕೂತು ನಿರ್ಧರಿಸಬೇಕು.

ಜೀಪಿಗೂ ಇದಕ್ಕೂ ಇರುವ ಭೇದ

ಮಲೆನಾಡಿನವರಿಗೆ ಜೀಪಿನ ಪರಿಚಯ ಹಳೆಯದು. ಜೀಪಿಗೆ ಕಬ್ಬಿಣದ ಗಟ್ಟಿ ಚೌಕಟ್ಟು, ಅದರ ಮೇಲೆ ಕೂರಿಸಿದ ಮೈ; ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಸುವ ಏರ್ಪಾಡು; ಕೆಸರಿನಿಂದ ಎದ್ದು ಬರಲು ಪ್ರತ್ಯೇಕ ಕೆಳಗೇರು. ಎತ್ತರದ ಕಾರಿನಲ್ಲಿ ಚೌಕಟ್ಟು ಬೇರೆ, ಮೈ ಬೇರೆ ಇಲ್ಲ. ಎರಡೂ ಒಂದೇ ಅಚ್ಚು. ಅದರಿಂದ ತೂಕ ಕಡಿಮೆ, ಎಣ್ಣೆ ಖರ್ಚು ಕಡಿಮೆ, ಮೈ ಕುಲುಕಾಟ ಕಡಿಮೆ. ಆದರೆ ಈ ವರ್ಗದ ಬಹುತೇಕ ಎಲ್ಲ ಕಾರುಗಳಲ್ಲೂ ಎಂಜಿನ್ ಎಳೆಯುವುದು ಮುಂದಿನ ಎರಡೇ ಚಕ್ರಗಳನ್ನು. ಗದ್ದೆಯ ಜಿಗುಟು ಮಣ್ಣಿನಲ್ಲಿ ಮುಂದಿನ ಚಕ್ರ ತಿರುಗತೊಡಗಿದರೆ ಇದು ತಗ್ಗಿನ ಕಾರಿನಷ್ಟೇ ಅಸಹಾಯಕ.

ಆದ್ದರಿಂದ ಮೊದಲು ತಮ್ಮ ದಾರಿಯನ್ನು ನೋಡಿಕೊಳ್ಳಬೇಕು. ವರ್ಷದ ಮುನ್ನೂರು ದಿನ ಡಾಂಬರು, ಉಳಿದ ದಿನ ಅರ್ಧ ಮೈಲಿ ಹೊಂಡದ ರಸ್ತೆ ಎಂದಾದರೆ ಎತ್ತರದ ಕಾರು ತಕ್ಕದ್ದು. ದಿನವೂ ಗುಡ್ಡದ ಕಚ್ಚಾ ದಾರಿ ಹತ್ತಬೇಕು, ಆಳುಗಳನ್ನೂ ಸಾಮಾನನ್ನೂ ಹೊರಬೇಕು ಎಂದಾದರೆ ಚೌಕಟ್ಟಿನ ಮೇಲೆ ಕಟ್ಟಿದ ಬೊಲೆರೊದಂಥ ಗಾಡಿ ಅಥವಾ ನಾಲ್ಕು ಚಕ್ರದ ಬಲವಿರುವ ಗಾಡಿಯೇ ಸರಿ. ಇಡೀ ವರ್ಷ ಒಳ್ಳೆಯ ರಸ್ತೆಯಲ್ಲೇ ಓಡಾಡುವವರಿಗೆ ತಗ್ಗಿನ ಕಾರೇ ಅಗ್ಗ. ನೆರೆಮನೆಯವರು ಕೊಂಡರು ಎಂಬುದು ಕಾರಣವಾಗಬಾರದು; ನೆರೆಮನೆಯ ದಾರಿ ಬೇರೆ ಇರಬಹುದು.

ಗೊಬ್ಬರದ ಮೂಟೆಯ ಮಾತನ್ನೂ ಇಲ್ಲೇ ಹೇಳಬೇಕು. ಐದು ಮೂಟೆ ಕಾಂಪ್ಲೆಕ್ಸ್ ಎಂದರೆ 250 ಕಿಲೋ. ಅಷ್ಟನ್ನೂ ಡಿಕ್ಕಿಗೆ ತುಂಬಿದರೆ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ಎಳೆಯುವ ಚಕ್ರ ಮುಂದಿನದಾದ್ದರಿಂದ ಏರಿನಲ್ಲಿ ಹಿಡಿತ ತಪ್ಪುತ್ತದೆ, ರಾತ್ರಿ ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮೇಲಾಗಿ ಗೊಬ್ಬರದ ಉಪ್ಪು ತಗಡನ್ನು ತಿನ್ನುತ್ತದೆ. ಕೊಳೆ ಔಷಧದ ಮೈಲುತುತ್ತವಂತೂ ಕಬ್ಬಿಣದ ವೈರಿ. ಬೋರ್ಡೋ ದ್ರಾವಣಕ್ಕೆ ಚಾಕುವಿನ ಅಲಗು ಅದ್ದಿ, ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎಂದು ಪರೀಕ್ಷಿಸುವುದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಡಿಕ್ಕಿಯಲ್ಲಿ ಮೈಲುತುತ್ತ ಚೆಲ್ಲಿ ತೇವ ಸೇರಿದರೆ ಅದೇ ಪರೀಕ್ಷೆ ಕಾರಿನ ತಗಡಿನ ಮೇಲೆ ನಡೆಯುತ್ತದೆ. ಗೊಬ್ಬರ, ಔಷಧಗಳಿಗೆ ಬಾಡಿಗೆಯ ಸರಕು ಆಟೋ ಹೇಳುವುದೇ ಲಾಭ.

ಕೊಯ್ಲು ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ

ಅಡಿಕೆಗೆ ಧಾರಣೆ ಏರಿದ ವರ್ಷ ಷೋರೂಮುಗಳಲ್ಲಿ ಜನ ಹೆಚ್ಚುತ್ತಾರೆ. ಧಾರಣೆ ಇಳಿದಾಗ ಕಂತು ಇಳಿಯುವುದಿಲ್ಲ. ಎಲೆಚುಕ್ಕಿ ರೋಗ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಹೇಗೆ ಬಾಧಿಸಿದೆ ಎಂಬುದನ್ನು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಒಳ್ಳೆಯ ವರ್ಷದ ಧಾರಣೆಯನ್ನು ನಂಬಿ ಏಳು ವರ್ಷದ ಸಾಲಕ್ಕೆ ಸಹಿ ಹಾಕುವುದು ಜಾಣತನವಲ್ಲ.

ಉದಾಹರಣೆಗೆ 8 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡ 9.5 ಬಡ್ಡಿ ಎಂದು ಹಿಡಿಯೋಣ. ಐದು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 16,800 ರೂಪಾಯಿ ಕಂತು, ಒಟ್ಟು ಬಡ್ಡಿ 2 ಲಕ್ಷ 8 ಸಾವಿರದಷ್ಟು. ಏಳು ವರ್ಷಕ್ಕೆ ಎಳೆದರೆ ಕಂತು ಸುಮಾರು 13,100ಕ್ಕೆ ಇಳಿಯುತ್ತದೆ, ಆದರೆ ಬಡ್ಡಿ 3 ಲಕ್ಷದ ಹತ್ತಿರ ಹೋಗುತ್ತದೆ. 'ಕಂತು ಕಡಿಮೆ' ಎಂಬ ಮಾತಿಗೆ ತೆರುವ ಬೆಲೆ ಸುಮಾರು 90 ಸಾವಿರ.

ಇದರ ಮೇಲೆ ಓಡಿಸುವ ಖರ್ಚು. ವರ್ಷಕ್ಕೆ 10,000 ಕಿಲೋಮೀಟರ್ ಓಡಿ, ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ, ಪೆಟ್ರೋಲಿಗೆ 100 ರೂಪಾಯಿ ಎಂದು ಹಿಡಿದರೂ 66 ಸಾವಿರಕ್ಕೂ ಹೆಚ್ಚು. ವಿಮೆ, ಸರ್ವೀಸು, ನಾಲ್ಕೈದು ವರ್ಷಕ್ಕೊಮ್ಮೆ ಟಯರು ಬೇರೆ. ಈ ಎಲ್ಲವನ್ನೂ ಕೂಡಿಸಿ, ಧಾರಣೆ ಕೆಟ್ಟ ವರ್ಷದ ಆದಾಯದಿಂದಲೂ ಅದನ್ನು ತೂಗಿಸಬಲ್ಲೆವೇ ಎಂದು ನೋಡಬೇಕು. ತೂಗದಿದ್ದರೆ ಇನ್ನೊಂದು ಕೊಯ್ಲು ಕಾಯಬೇಕು, ಇಲ್ಲವೇ ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನು ನುರಿತ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದು ಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಾರಿಗೂ ಸಲ್ಲುತ್ತದೆ.

ಪೆಟ್ರೋಲೋ ಡೀಸೆಲೋ ಎಂಬ ಪ್ರಶ್ನೆಗೂ ಓಡಾಟವೇ ಉತ್ತರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಜಾಲರಿ ಇದೆ. ಗಾಡಿ ತಕ್ಕಷ್ಟು ದೂರ ವೇಗವಾಗಿ ಓಡಿದಾಗ ಕಾವಿಗೆ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಅಂಗಡಿಗೆ ಎಂದು ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿದರೆ ಮಸಿ ಕಟ್ಟಿಕೊಂಡು ದುಬಾರಿ ದುರಸ್ತಿ ಬರುತ್ತದೆ. ಅಲ್ಪ ಓಡಾಟದವರಿಗೆ ಪೆಟ್ರೋಲೇ ಲೇಸು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬು, ಮೆಕ್ಕೆಜೋಳಗಳೇ ಅದರ ಮೂಲವಾದ್ದರಿಂದ ರೈತರಿಗೆ ಇದರಲ್ಲಿ ಹಿತವಿದೆ. ಆದರೆ 2023ರ ಏಪ್ರಿಲ್‌ಗೆ ಮುಂಚಿನ ಹಳೆಯ ಕಾರು ಕೊಳ್ಳುವವರು ಅದರ ಎಂಜಿನ್ನಿಗೆ ಈ ಮಿಶ್ರಣ ಒಗ್ಗುವುದೇ ಎಂದು ವಿಚಾರಿಸಬೇಕು. ಎಥೆನಾಲ್ ನೀರಿನ ಅಂಶವನ್ನು ಹೀರುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಖಾಲಿ ಬಿಡಬಾರದು.

ಮನೆಯಲ್ಲೇ ಮಾಡಬೇಕಾದ ಆರೈಕೆ

ಸರ್ವೀಸಿಗೆ ಬಿಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಸರ್ವೀಸು ವರ್ಷಕ್ಕೊಮ್ಮೆ, ಗಾಡಿ ದಿನವೂ ಓಡುತ್ತದೆ. ನಡುವಿನ ಆರೈಕೆ ಮನೆಯವರ ಕೆಲಸ. ಅದಕ್ಕೆ ಇಂಜಿನಿಯರ್ ಆಗಬೇಕಿಲ್ಲ, ಪವರ್ ಟಿಲ್ಲರ್ ನೋಡಿಕೊಳ್ಳುವ ಬುದ್ಧಿ ಸಾಕು.

ಟಯರು: ಗಾಳಿಯ ಅಳತೆಯನ್ನು ಸಾಮಾನ್ಯವಾಗಿ ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುತ್ತಾರೆ. ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗ ಅಷ್ಟೇ ಗಾಳಿ ಇಡಬೇಕು. ಕಡಿಮೆಯಾದರೆ ಅಂಚು ಸವೆದು ಎಣ್ಣೆ ಖರ್ಚು ಏರುತ್ತದೆ. ಹೆಚ್ಚಾದರೆ ನಡುವೆ ಸವೆದು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಹಲ್ಲಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟಯರು ಬಳಕೆಗೆ ಅಯೋಗ್ಯ. ನಮ್ಮ ಮಳೆಗೆ ಅದಕ್ಕೂ ಮೊದಲೇ ಬದಲಾಯಿಸುವುದು ಕ್ಷೇಮ. ಸ್ಟೆಪ್ನಿಗೂ ಗಾಳಿ ನೋಡಬೇಕು. ಕೆಲವು ಮಾದರಿಗಳಲ್ಲಿ ಸ್ಟೆಪ್ನಿ ಚಿಕ್ಕದಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಆಯಿಲ್: ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷದ ನಂತರ ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸುವುದು ವಾಡಿಕೆ. 'ಮೂರು ಸಾವಿರವೂ ಓಡಿಲ್ಲ' ಎಂದು ಎರಡು ವರ್ಷ ಬಿಡಬಾರದು. ನಿಂತ ಗಾಡಿಯಲ್ಲೂ ಆಯಿಲ್ ಹಳತಾಗುತ್ತದೆ.

ಗಾಳಿಯ ಫಿಲ್ಟರ್: ಮೆಕ್ಕೆಜೋಳ ಬಿಡಿಸುವ ಕಣದ ಹೊಟ್ಟು, ಬೇಸಿಗೆಯ ಕೆಂಧೂಳು ಇದನ್ನು ಬೇಗ ಕಟ್ಟಿಹಾಕುತ್ತವೆ. ಧೂಳಿನ ದಾರಿಯವರು ಕೈಪಿಡಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು.

ಕೂಲೆಂಟ್: ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿ ನೀರು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ, ಕಂಪನಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಬೋರ್‌ವೆಲ್ ನೀರು ಹಾಕಿದರೆ ಹಂಡೆಯ ತಳದಂತೆ ಒಳಗೆಲ್ಲ ಗಸಿ ಕಟ್ಟುತ್ತದೆ.

ಬ್ರೇಕಿನ ಎಣ್ಣೆ: ಇದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಎಣ್ಣೆ ಘಾಟಿಯ ಇಳಿಜಾರಿನ ಕಾವಿಗೆ ಕುದಿದರೆ ಪೆಡಲು ಮೆತ್ತಗಾಗಿ ಬ್ರೇಕು ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಮಲೆನಾಡಿನವರು ಇದರಲ್ಲಿ ಉಳಿತಾಯ ಮಾಡಲೇಬಾರದು.

ಇಲಿ ಹೆಗ್ಗಣ: ಇಂದಿನ ಕಾರು ತಂತಿಗಳ ಜಾಲ. ಒಂದು ತಂತಿ ಕಡಿದರೂ ಗಾಡಿ ನಿಲ್ಲುತ್ತದೆ. ಭತ್ತದ ಚೀಲ, ಹಿಂಡಿ, ಹುಲ್ಲು ಇರುವ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವುದನ್ನು ಬಿಡಬೇಕು. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಡ್ಡಿ ಕಸ ಕಂಡರೆ ತೆಗೆಯಬೇಕು. ಮುಂಗಾಜಿನ ಬುಡದಲ್ಲಿ ಸೇರುವ ತರಗೆಲೆಯನ್ನೂ ಆಗಲೇ ತೆಗೆಯುವುದು ಒಳ್ಳೆಯದು; ಇಲ್ಲದಿದ್ದರೆ ಮಳೆ ನೀರಿನ ಕಿಂಡಿ ಕಟ್ಟಿ ನೀರು ಒಳಗೆ ಇಳಿಯುತ್ತದೆ.

ತುಕ್ಕು: 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ತುಕ್ಕಿನ ಪಾಠ ಬೇಡ. ಮೇಲೆ ಹೊಳಪು ಕೊಟ್ಟು ತಳದ ಕೆಸರನ್ನು ಮರೆಯುವವರಿಗಷ್ಟೇ ಈ ಮಾತು. ಚಕ್ರದ ಗೂಡು, ಗಾಡಿಯ ತಳಗಳಿಗೆ ಮೆತ್ತಿದ ಕೆಸರನ್ನು ಮಳೆಗಾಲದಲ್ಲೂ ಆಗಾಗ ನೀರು ಹೊಡೆದು ತೆಗೆಯಬೇಕು.

ಮಳೆ ಮತ್ತು ಘಾಟಿ

ಎತ್ತರದ ಗಾಡಿ ಎಂಬ ಧೈರ್ಯ ಹೆಚ್ಚು ಅಪಾಯ ತರುವುದು ಹಳ್ಳ ದಾಟುವಾಗ. ನೀರು ಮೋರಿಯ ಮೇಲೆ ಹರಿಯುತ್ತಿದ್ದರೆ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ತಿಳಿಯದು. ಹರಿವ ನೀರು ಗಾಡಿಯನ್ನು ಬದಿಗೆ ತಳ್ಳಬಲ್ಲದು. ಅರ್ಧ ಗಂಟೆ ಕಾದರೆ ನಷ್ಟವಿಲ್ಲ. ನಿಂತ ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಚಾಲೂ ಮಾಡಲು ಹೋಗಬಾರದು. ಒಳಗೆ ನೀರು ಸೇರಿದ್ದರೆ ಆ ಒಂದು ಪ್ರಯತ್ನದಲ್ಲೇ ಎಂಜಿನ್ನಿನ ಕಡ್ಡಿಗಳು ಬಾಗುತ್ತವೆ. ಇಂಥ ಹಾನಿಗೆ ಸಾಮಾನ್ಯ ವಿಮೆ ಬಹುಮಟ್ಟಿಗೆ ಸಿಗುವುದಿಲ್ಲ. ಎಂಜಿನ್ ರಕ್ಷಣೆಯ ಷರತ್ತನ್ನು ಬೇರೆಯಾಗಿ ಸೇರಿಸಬೇಕು. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಈ ಸೇರ್ಪಡೆಯನ್ನು ಕೇಳಿ ಮಾಡಿಸಿಕೊಳ್ಳುವುದು ಒಳಿತು.

ಆಗುಂಬೆ, ಹುಲಿಕಲ್ ಘಾಟಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ನಿಯಮ ಇಂದಿಗೂ ಸತ್ಯ. ಕೆಳಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ. ನ್ಯೂಟ್ರಲ್ಲಿನಲ್ಲಿ ಇಳಿಸಿ ಎಣ್ಣೆ ಉಳಿಸುತ್ತೇವೆ ಎನ್ನುವವರು ಪ್ರಾಣವನ್ನು ಪಣಕ್ಕಿಟ್ಟಂತೆ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು. ಮಾಡಿನ ಮೇಲೆ ಸಾಮಾನು ಹೇರಿದರೆ ಇನ್ನೂ ಹೆಚ್ಚು.

ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸುವ ಷೋಕಿಯೂ ಒಂದಿದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇದು ಕಾನೂನಿಗೆ ವಿರುದ್ಧವೆಂದು ರಾಜ್ಯಗಳಿಗೆ ತಿಳಿಸಿದೆ. ಕಾರಿನ ಮೂತಿ ಅಪಘಾತದಲ್ಲಿ ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ನುಂಗಬೇಕೆಂದೇ ಮಾಡಿದ್ದು. ಬಾರ್ ಕಟ್ಟಿದರೆ ಆ ಪೆಟ್ಟು ಒಳಗಿನವರಿಗೆ ಬರುತ್ತದೆ, ಗಾಳಿ ಚೀಲ ಸಮಯಕ್ಕೆ ಬಿಚ್ಚದಿರಬಹುದು. ಅದರ ಹಣದಲ್ಲಿ ಎರಡು ಒಳ್ಳೆಯ ಟಯರಿನ ಕಡೆ ನೋಡಬಹುದು. ಕೊಳ್ಳುವಾಗ 2023ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆ ಮಾದರಿಗೆ ಎಷ್ಟು ನಕ್ಷತ್ರ ಸಿಕ್ಕಿದೆ ಎಂದು ಕೇಳಬೇಕು. ಎಷ್ಟು ನಕ್ಷತ್ರವಿದ್ದರೂ ಹಿಂದಿನ ಸೀಟಿನವರೂ ಬೆಲ್ಟು ಕಟ್ಟದಿದ್ದರೆ ಪ್ರಯೋಜನವಿಲ್ಲ.

ಮಾರುವವರಿಗೂ ಸಂಘಗಳಿಗೂ ಒಂದು ಮಾತು

ಹಬ್ಬದ ಹೊತ್ತಿಗೆ ಪತ್ರಿಕೆಗಳ ತುಂಬ ಸೊಗಸಾದ ಕನ್ನಡದಲ್ಲಿ ಜಾಹೀರಾತು ಕೊಡುವ ಕಾರು ಕಂಪನಿಗಳು ಕೊಂಡ ಮೇಲೆ ಕೈಗಿಡುವ ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನದು. ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿದರೆ ಗಾಡಿ ನಿಲ್ಲಿಸಬೇಕೋ ಓಡಿಸಬಹುದೋ ಎಂಬುದು ರೈತನಿಗೆ ಅವನ ಭಾಷೆಯಲ್ಲಿ ತಿಳಿಯಬಾರದೆ? ಹತ್ತು ಲಕ್ಷ ಕೊಟ್ಟವನಿಗೆ ಹತ್ತು ಪುಟದ ಕನ್ನಡ ಪುಸ್ತಿಕೆ ಕೊಡುವುದು ಭಾರವಲ್ಲ. ಕೊಳ್ಳುವವರು ಕೀಲಿ ಪಡೆಯುವ ಮೊದಲು ಇದನ್ನು ಕೇಳಬೇಕು. ಒಬ್ಬರು ಕೇಳಿದರೆ ನಕ್ಕಾರು, ನೂರು ಜನ ಕೇಳಿದರೆ ಅಚ್ಚು ಹಾಕಿಸಿಯಾರು.

ಸಹಕಾರ ಸಂಘಗಳೂ ಐಟಿಐಗಳೂ ಕೈಜೋಡಿಸಿ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಒಂದು ದಿನದ ವಾಹನ ಆರೈಕೆ ಶಿಬಿರ ನಡೆಸಬಹುದು. ಟಯರು ಬದಲಾಯಿಸುವುದು, ಆಯಿಲ್ ನೋಡುವುದು, ಎಚ್ಚರಿಕೆ ದೀಪಗಳ ಅರ್ಥ ಇಷ್ಟು ಕಲಿಸಿದರೆ ಸಾಕು. ಮನೆಯ ಹೆಣ್ಣುಮಕ್ಕಳೂ ಇದನ್ನು ಕಲಿಯಬೇಕು. ಆಸ್ಪತ್ರೆಗೆ ಹೊರಟ ರಾತ್ರಿ ಗಂಡಸರು ಊರಲ್ಲಿರುತ್ತಾರೆ ಎಂಬ ಖಾತರಿ ಇಲ್ಲ.

2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ, ಲಾಂಚಿಗಾಗಿ ಕಾಯುತ್ತಿದ್ದ ಊರುಗಳಿಗೂ ಕಾರಿನ ದಾರಿ ಸುಗಮವಾಗಿದೆ. ರಸ್ತೆ ಬಂದಲ್ಲಿ ಕಾರೂ ಬರುತ್ತದೆ; ಬೇಡವೆಂದರೂ ನಿಲ್ಲದು. ಬಂದ ಕಾರು ಮನೆಗೆ ಅನುಕೂಲವಾಗಬೇಕೋ ಹೊರೆಯಾಗಬೇಕೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಕೆಟ್ಟ ವರ್ಷದ ಆದಾಯ ನೋಡಿ ಕೊಳ್ಳಿ, ತಮ್ಮ ದಾರಿ ನೋಡಿ ಆರಿಸಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ. ಎತ್ತುಗಳ ಗೊರಸು ನೋಡದೆ ಗಾಡಿ ಕಟ್ಟದ ಮನೆತನದವರಿಗೆ ಟಯರು ನೋಡದೆ ಕಾರು ಹೊರಡಿಸುವುದು ತಕ್ಕದ್ದಲ್ಲ.